ತಾಂಡೇಲನ ತೂಕ

ಹಾರವಾಡದ ರಾಮಾ ಹರಿಕಂತ್ರ ಸಮುದ್ರಕ್ಕೆ ಬಿದ್ದದ್ದು ಬಿರುಗಾಳಿಯಲ್ಲಿ ಎಂದು ಹೇಳುವವರು ಇಂದಿಗೂ ಅಂಕೋಲೆಯ ಮೀನುಪೇಟೆಯಲ್ಲಿದ್ದಾರೆ. ಅದು ಶುದ್ಧ ಸುಳ್ಳು. ಅಂದು ಗಾಳಿಯೇ ಇರಲಿಲ್ಲ. ಮೇ ತಿಂಗಳ ಕೊನೆಯ ವಾರ. ನೀರು ಎಣ್ಣೆ ಸುರಿದ ಹಾಗೆ ಮಲಗಿತ್ತು. ಬಲೆ ಎಳೆಯುವಾಗ ಹಗ್ಗದ ಸುತ್ತೊಂದು ಎಡಗಾಲಿಗೆ ಸಿಕ್ಕಿ, ದೋಣಿಯ ತಾಂಡೇಲನಾದ, ಎಂದರೆ ದೋಣಿ ನಡೆಸುವ ಯಜಮಾನನಾದ ರಾಮಾ, ಹಿಮ್ಮುಖವಾಗಿ ನೀರಿಗೆ ಉರುಳಿದ. ಹಗ್ಗ ನೀರಿನಲ್ಲಿ ತಾನಾಗಿಯೇ ಬಿಟ್ಟಿತು. ಈಜು ಅವನಿಗೆ ನಡಿಗೆಯಷ್ಟೇ ಹಳೆಯದು. ನಾಲ್ಕು ಕೈ ಬೀಸಿ ದೋಣಿಯ ಬಳಿ ಬಂದು ಅಂಚನ್ನು ಹಿಡಿದ. ಅಲ್ಲಿಯವರೆಗೆ ಅವನಲ್ಲಿ ಹೆದರಿಕೆ ಹುಟ್ಟಿಯೇ ಇರಲಿಲ್ಲ.

ಅದು ಹುಟ್ಟಿದ್ದು ಅಂಚು ಹಿಡಿದು ಮೈ ಎತ್ತಲು ನೋಡಿದಾಗ. ಮೈ ಬರಲಿಲ್ಲ.

ದೋಣಿಯಲ್ಲಿ ಇದ್ದವರು ಇಬ್ಬರು: ಬಾಲ್ಯದಿಂದ ಜೊತೆಗಾರನಾದ ಬೀರು ಮತ್ತು ಅಕ್ಕನ ಮಗ ನಿತೇಶ. ಇಬ್ಬರೂ ಒಂದೊಂದು ತೋಳು ಹಿಡಿದು ಎಳೆದರು. ಎದೆಯವರೆಗೆ ಬಂದ ದೇಹ ಹೊಟ್ಟೆಯ ಬಳಿ ಅಂಚಿಗೆ ತಗುಲಿ ನಿಂತಿತು. ದೋಣಿ ಅದೇ ಬದಿಗೆ ವಾಲಿ ನೀರು ಒಳನುಗ್ಗಿತು. ಗತ್ಯಂತರವಿಲ್ಲದೆ ಬಿಟ್ಟರು. ಮತ್ತೆ ಎಳೆದರು. ಅಂಗಿ ಹರಿದು ಬೀರುವಿನ ಕೈಗೆ ಬಂತು. ರಾಮಾ ನೀರಿಗೇ ಮರಳಿದ. ಕೊನೆಗೆ ಅವನ ಕಂಕುಳಿಗೆ ಹಗ್ಗ ಬಿಗಿದು, ಎಂಜಿನ್ನನ್ನು ಅತಿ ನಿಧಾನಕ್ಕೆ ಇಟ್ಟು, ದೋಣಿಯ ಪಕ್ಕದಲ್ಲೇ ಅವನನ್ನು ದಡದವರೆಗೆ ಎಳೆದು ತಂದರು. ಅಷ್ಟೂ ಹೊತ್ತು ಅವನ ಕಣ್ಣೆದುರು, ಒಂದು ಮೊಳದ ಎತ್ತರದಲ್ಲಿ, ತನ್ನದೇ ದೋಣಿಯ ಅಂಚಿತ್ತು. ಸಮುದ್ರದ ನಡುವೆ ಸಾಯುವವನಿಗೆ ದೋಣಿ ದೂರವಿರುತ್ತದೆ ಎಂದು ಅವನು ಆವರೆಗೆ ತಿಳಿದಿದ್ದ. ದೋಣಿ ಕೈಯಲ್ಲಿದ್ದೂ ಸಾಯಬಹುದು ಎಂಬುದು ಅಂದು ತಿಳಿಯಿತು.

ದಡದಲ್ಲಿ ಜನ ಸೇರಿದ್ದರು.

"ನೋಡ್ರೋ, ತಾಂಡೇಲ ತಿಮಿಂಗಿಲ ಹಿಡ್ಕಂಡು ಬಂದಿದ್ದ!" ಎಂದು ಬೀರು ಕೂಗಿದ. "ಇಲ್ಲಲ್ಲ, ತಿಮಿಂಗಿಲವೇ ತಾಂಡೇಲನ್ನ ಹಿಡ್ಕಂಡು ಬಂತು!"

ಎಲ್ಲರೂ ನಕ್ಕರು. ರಾಮಾನೂ ನಕ್ಕ. ಕೈ ನಡುಗುತ್ತಿದ್ದುದನ್ನು ಟವೆಲ್ಲಿನೊಳಗೆ ಮುಚ್ಚಿಟ್ಟುಕೊಂಡ.

ಅದೇ ವಾರ ಕಾರವಾರದ ವೈದ್ಯರ ಬಳಿ ತೂಕ ನೋಡಿದಾಗ ನೂರಾ ಎಂಟು ಕಿಲೋ ಇತ್ತು. ಎತ್ತರ ಐದಡಿ ಐದಂಗುಲ. ಮೀನುಗಾರರಿಗೆ ಬೊಜ್ಜು ಬರುವುದಿಲ್ಲ, ಅವರದು ಮೈಮುರಿಯುವ ಕೆಲಸ ಎಂದು ಪಟ್ಟಣದ ಓದಿದವರು ಸಲೀಸಾಗಿ ಹೇಳಿಬಿಡುತ್ತಾರೆ. ಹೇಳುವವರು ಯಾರೂ ಒಂದು ದಿನ ದೋಣಿಯಲ್ಲಿ ಕುಳಿತು ನೋಡಿದವರಲ್ಲ. ಹುಟ್ಟು ಹಾಕುವ ಕಾಲ ಮುಗಿದು ಎಷ್ಟೋ ವರ್ಷವಾಯಿತು. ತಾಂಡೇಲ ಎಂಜಿನ್ನಿನ ಹಿಡಿ ಹಿಡಿದು ಕುಳಿತಿರುತ್ತಾನೆ. ಬಲೆ ಎಳೆಯುವವರು ಬಹುಪಾಲು ಖಲಾಸಿಗಳು, ಎಂದರೆ ದೋಣಿಯ ಆಳುಗಳು. ಹೊರಡುವ ಮೊದಲು ಸಕ್ಕರೆ ತುಂಬಿದ ಚಹಾ, ಬಂದ ಮೇಲೆ ವಡೆ, ಮಧ್ಯಾಹ್ನ ತಾಟಿನ ತುಂಬ ಅನ್ನ, ಕಾಯಿ ಅರೆದ ಸಾರು, ಅನಂತರ ನಿದ್ದೆ. ಇಪ್ಪತ್ತು ವರ್ಷ ಹೀಗೆ ನಡೆದರೆ ಯಾರ ಮೈಯಾದರೂ ಅಷ್ಟೇ.

"ಇಪ್ಪತ್ತು ಕಿಲೋ ಇಳೀಬೇಕು," ಎಂದರು ವೈದ್ಯರು. "ಎಣ್ಣೆ, ಅನ್ನ, ಸಿಹಿ ಕಡಿಮೆ ಮಾಡಿ. ದಿನಾ ನಡೀರಿ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲೇ ನಿಂತಿದೆ."

ಸಕ್ಕರೆ ಕಾಯಿಲೆ ಎಲ್ಲಿ ನಿಂತಿದೆ ಎಂಬುದು ರಾಮಾನ ಕಿವಿಗೆ ಬೀಳಲೇ ಇಲ್ಲ. ಅವನು ಲೆಕ್ಕ ಹಾಕುತ್ತಿದ್ದುದು ಬೇರೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಮೀನುಗಾರಿಕೆಗೆ ನಿಷೇಧವಿದೆ. ನಿಷೇಧ ಎಲ್ಲ ದೋಣಿಗಳಿಗೂ ಎಂದು ಪತ್ರಿಕೆಯವರು ಸಹ ಬರೆಯುವುದುಂಟು, ಹಾಗಲ್ಲ. ನಾಡದೋಣಿಗೂ ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ನಿಗೂ ವಿನಾಯಿತಿಯಿದೆ. ರಾಮಾನ ಎಂಜಿನ್ನು ಅದಕ್ಕಿಂತ ದೊಡ್ಡದು. ಆದುದರಿಂದ ಅವನಿಗಿದ್ದ ಅವಧಿ ಎರಡು ತಿಂಗಳು. ಆಗಸ್ಟಿನಲ್ಲಿ ದೋಣಿ ಇಳಿಯುವುದರೊಳಗೆ ಮೈ ಇಳಿಯಬೇಕು. ಇಳಿಯದಿದ್ದರೆ ಒಂದೋ ದಡದಲ್ಲಿ ಕುಳಿತು ಬೇರೆಯವರ ದೋಣಿ ನೋಡಬೇಕು, ಇಲ್ಲವೇ ಹೋಗಬೇಕು. ಹೋದರೆ ಒಂದು ದಿನ ಮತ್ತೆ ಬೀಳುವುದು ಖಂಡಿತ, ಮೇ ತಿಂಗಳ ನೀರಿನ ಹಾಗೆ ಆ ದಿನದ ನೀರು ಮಲಗಿರುವುದಿಲ್ಲ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆಲ್ಲ "ಡಾಕ್ಟ್ರು ಹೇಳಿದ್ರು, ಸಕ್ಕರೆ" ಎಂದ.

ನಡಿಗೆ ಆರಂಭವಾಯಿತು. ಮನೆಯ ಮುಂದೆಯೇ ಕಡಲತೀರವಿದ್ದರೂ ಅವನು ಬೆನ್ನು ತಿರುಗಿಸಿ, ಲಾರಿಗಳು ಕೆಸರು ಹಾರಿಸುವ ಹೆದ್ದಾರಿಯ ಬದಿಯಲ್ಲಿ ಅವರ್ಸಾದ ಕಡೆಗೆ ನಡೆಯುತ್ತಿದ್ದ. ಅಲೆಯ ಸದ್ದು ಕಿವಿಗೆ ಬಿದ್ದರೆ ಹೆಜ್ಜೆ ಬಿರುಸು ಮಾಡುತ್ತಿದ್ದ. ಊಟಕ್ಕೆ ಅವನು ತಾನೇ ಒಂದು ನಿಯಮ ಮಾಡಿಕೊಂಡ.

"ಅನ್ನ ಬೇಡ, ಎಣ್ಣೆ ಬೇಡ, ಕಾಯಿ ಬೇಡ," ಎಂದ ಹೆಂಡತಿ ಗೋದಾವರಿಗೆ. "ಒಣ ಬಂಗಡೆ ಕೆಂಡದಲ್ಲಿ ಸುಟ್ಟು ಕೊಡು. ಸಾಕು."

"ಬರೀ ಅದೇಯಾ? ಹೊಟ್ಟೆ ಉರಿತು ನಿಮ್ಗೆ."

"ಮೀನ್ ತಿಂದು ದಪ್ಪ ಆದವ್ರನ್ನ ಎಲ್ಲಾದ್ರೂ ಕಂಡಿದ್ಯಾ ನೀನು?"

ಮೀನು ಮಾರಿ ಬದುಕುವ ಗೋದಾವರಿ ಒಣಮೀನಿನ ಗಂಟು ಬಿಚ್ಚಿದಳು. ಕರಾವಳಿಯ ಮೀನುಗಾರರ ಮನೆಗಳಲ್ಲಿ ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಉಪ್ಪು ಹಾಕಿ ಒಣಗಿಸಿದ ಮೀನು ಕಟ್ಟಿಟ್ಟಿರುತ್ತಾರೆ. ತಾಜಾ ಮೀನು ಅಪರೂಪವಾದಾಗ ಗಂಜಿಯ ಜೊತೆಗೆ ಒಂದು ಚೂರು ಕಚ್ಚಿಕೊಳ್ಳಲು ಇರುವ ವಸ್ತು ಅದು. ರಾಮಾ ಅದನ್ನೇ ಊಟ ಮಾಡಿಕೊಂಡ. ಬೆಳಿಗ್ಗೆ ಎರಡು, ಮಧ್ಯಾಹ್ನ ನಾಲ್ಕು, ಹಸಿವೆಯಾದಾಗಲೆಲ್ಲ ಮತ್ತೊಂದು. ಬಾಯಾರಿಕೆಗೆ ಕೊಡಗಟ್ಟಲೆ ನೀರು. ನೀರು ಕುಡಿದಷ್ಟೂ ಒಳ್ಳೆಯದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಹೇಳುವ ಜವಾಬ್ದಾರಿ ಮೊಬೈಲಿನವರಿಗೆ ಎಲ್ಲಿಯದು?

ತೂಕ ನೋಡುತ್ತಿದ್ದುದು ಮಂಜುಗಡ್ಡೆ ಕಾರ್ಖಾನೆಯ ಮುಂದೆ, ಮೀನಿನ ಕ್ರೇಟು ತೂಗುವ ಕಾಟಾದ ಮೇಲೆ. ಮೊದಲ ಸಲ ಒಂದೂವರೆ ಕಿಲೋ ಇಳಿದಿತ್ತು. ಕಾಟಾದ ಸುತ್ತ ನಿಂತವರಿಗೆ ಹಬ್ಬ.

"ತಾಂಡೇಲ್ರೇ, ಕಿಲೋಕ್ಕೆ ಎಷ್ಟು ಹೇಳ್ತ್ರಿ?" ಎಂದು ಒಬ್ಬ ಕೂಗಿದ.

"ಮಂಜು ಹಾಕಿ ಮಡಗಿ, ಗೋವೆಗೆ ಕಳ್ಸುವ," ಎಂದ ಬೀರು.

ಮುಂದಿನ ಸಲ ಮುಳ್ಳು ಮೇಲೆ ಹೋಯಿತು. ಅದರ ಮುಂದಿನ ಸಲ ಮತ್ತೂ ಮೇಲೆ. ನೂರಾ ಹತ್ತು! ಕಾಟಾ ಕೆಟ್ಟಿದೆ ಎಂದು ರಾಮಾ ಇನ್ನೊಂದರ ಮೇಲೆ ನಿಂತ. ಅದೂ ಅದನ್ನೇ ಹೇಳಿತು. ಹಸಿದುಕೊಂಡು, ನಡೆದುಕೊಂಡು, ಬಾಯಿ ಕಟ್ಟಿದವನ ತೂಕ ಏರುವುದಾದರೆ ಇನ್ನು ಮಾಡುವುದೇನು? ಚಪ್ಪಲಿಯ ಪಟ್ಟಿ ಪಾದಕ್ಕೆ ಕಚ್ಚತೊಡಗಿತ್ತು. ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕುಳಿತ ಹಾಗೆ ಉಸಿರು ಗಿಡ್ಡವಾಗುತ್ತಿತ್ತು. ಕಣ್ಣು ಮುಚ್ಚಿದರೆ ಆ ಅಂಚು, ಒಂದು ಮೊಳ ಮೇಲೆ. ಅದು ಈಗ ಎರಡು ಮೊಳವಾದಂತೆ ಕಾಣುತ್ತಿತ್ತು.

ಕಾರವಾರದ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಮಾನಸಾ ರಜೆಯ ಮೇಲೆ ಬಂದವಳು, ಚೀಲ ಕೆಳಗಿಡುವ ಮೊದಲೇ ಅಪ್ಪನ ಕಾಲನ್ನು ನೋಡಿದಳು.

"ಅಪ್ಪಾ, ಕಾಲ್ ಇತ್ತ ಕೊಡು."

"ಎಂತ ಇಲ್ವೇ. ನಡ್ದು ನಡ್ದು ಊದ್ಕಂಡಿದ್ದು."

ಅವಳು ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದಲ್ಲಿ ಕುಳಿ ಬಿದ್ದು ಹಾಗೆಯೇ ನಿಂತಿತು. ರಾಮಾ ಆ ಕುಳಿಯನ್ನು ನೋಡಿದ. ತನ್ನದೇ ಮೈ ಹಸಿಮಣ್ಣಿನ ಹಾಗೆ ಗುರುತು ಹಿಡಿದುಕೊಂಡಿತ್ತು.

"ದಿನಾ ಎಂತ ತಿಂತೆ ನೀನು?"

"ಅನ್ನ ಮುಟ್ಟುದಿಲ್ಲ. ಎಣ್ಣೆ ಮುಟ್ಟುದಿಲ್ಲ. ಬರೀ ಒಣಮೀನು."

"ಬರೀ ಒಣಮೀನಾ? ಆಯೀ, ನೀ ಆದ್ರೂ ಹೇಳುಕೆ ಆಗುದಿಲ್ವಾ?" ಎಂದು ಮಗಳು ತಾಯಿಯ ಮೇಲೆ ಸಿಡಿದಳು. "ಅಪ್ಪಾ, ನೀ ತಿಂತಾ ಇದ್ದದ್ದು ಉಪ್ಪು. ಅದು ನೀರ್ ಹಿಡ್ಕಂಡು ಕೂತಿದೆ ಮೈಯಲ್ಲಿ. ನಿನ್ನ ಕೊಬ್ಬಲ್ಲ ಏರಿದ್ದು, ನೀರು."

ಮರುದಿನ ಕಾರವಾರದಲ್ಲಿ ರಕ್ತದೊತ್ತಡ ನೋಡಿದರು: ನೂರಾ ಎಂಬತ್ತರ ಮೇಲೆ. ಹೃದಯದ ಪರೀಕ್ಷೆಯೂ ಆಯಿತು. ಮೊದಲಿನ ವೈದ್ಯರೇ ಮಾತ್ರೆ ಬರೆಯುತ್ತ, "ಹೀಗೆಯೇ ಇನ್ನೊಂದು ತಿಂಗಳು ನಡೆದಿದ್ದರೆ..." ಎಂದು ಆರಂಭಿಸಿ ವಾಕ್ಯ ಮುಗಿಸಲಿಲ್ಲ. ಕರಾವಳಿಯ ರೋಗಿಗೆ, ಅದೂ ಮಳೆಗಾಲದ ಬಾಗಿಲಲ್ಲಿ, ಪಥ್ಯ ಹೇಳುವಾಗ ಒಣಮೀನಿನ ಮಾತನ್ನೇ ಎತ್ತದಿದ್ದವರು ಅವರೇ. ಅನ್ನ, ಎಣ್ಣೆ, ಸಿಹಿ ಎಂಬ ಮೂರು ಶಬ್ದಗಳನ್ನು ಎಲ್ಲ ಊರಿನ ಎಲ್ಲರಿಗೂ ಒಂದೇ ಸಮನೆ ಹಂಚಿದರೆ ವೈದ್ಯರ ಕರ್ತವ್ಯ ಮುಗಿಯಿತೇ?

ಮಾತ್ರೆಯಿಂದ ಬಾವು ಇಳಿಯಿತು. ಆದರೆ ರಾಮಾನ ಒಳಗಿನ ಹುರುಪು ಅದರೊಂದಿಗೇ ಇಳಿದುಹೋಯಿತು. ನಡಿಗೆ ನಿಂತಿತು. ಜಗಲಿಯ ಮೇಲೆ ಕಂಬಕ್ಕೊರಗಿ ಕುಳಿತು, ಮೊದಲಿನಂತೆ ತಾಟಿನ ತುಂಬ ಅನ್ನ ಹಾಕಿಸಿಕೊಂಡು ಉಂಡ. ನಿಷೇಧದ ಅರ್ಧ ಅವಧಿ ಆಗಲೇ ಸರಿದಿತ್ತು.

ಒಂದು ಮಧ್ಯಾಹ್ನ ಪೇಟೆಯಿಂದ ಬಂದ ಗೋದಾವರಿ ಬುಟ್ಟಿ ಇಳಿಸಿ ಅವನೆದುರೇ ಕುಳಿತಳು.

"ನೀವು ಸಕ್ಕರೆ ಕಾಯ್ಲೆಗೆ ಹೆದ್ರಿದ್ದಲ್ಲ."

"ಮತ್ತೆಂತಕ್ಕೆ?"

"ಮನೆ ಎದುರಿಗೆ ಸಮುದ್ರ ಮಡಿಕಂಡು ರೋಡಿನ್ ಮೇಲೆ ನಡೀತ್ರಿ. ನಂಗೆ ಕಣ್ಣಿಲ್ಲ ಅಂದ್ಕಂಡ್ರಾ?"

ರಾಮಾ ಕಂಬ ಬಿಟ್ಟು ನೆಟ್ಟಗೆ ಕುಳಿತ. ಆಮೇಲೆ ಮಳೆಯ ಕಡೆಗೆ ನೋಡುತ್ತ ಹೇಳಿದ: "ಮತ್ತೆ ಬಿದ್ರೆ ಹತ್ತುಕೆ ಆಗುದಿಲ್ವೇ ನಂಗೆ. ಅವ್ರಿಬ್ರು ಎಳೆದ್ರೂ ಆಗುದಿಲ್ಲ. ದೋಣಿ ಹಿಡ್ಕಂಡೇ ಸಾಯ್ತೆ. ದಿನಾ ಅದೇ ಕಾಣ್ತದೆ."

ಸಮಾಧಾನದ ಮಾತು ಬರುತ್ತದೆಂದು ಅವನು ಕಾದ. ಗೋದಾವರಿ ಕಣ್ಣೊರೆಸಿಕೊಂಡಳೇನೋ ನಿಜ. ಆದರೆ ಅವಳ ದನಿ ಮೀನುಪೇಟೆಯ ಗಟ್ಟಿ ದನಿಯೇ.

"ಹೆದ್ರಿಕೆ ಇದ್ರೆ ಇರ್ಲಿ. ಅದ್ಕೆ ಬೇರೆ ತಾಟು ಹಾಕ್ಬೇಕಾ? ನಾಳೆಯಿಂದ ನಾ ಬಡ್ಸಿದಷ್ಟು ಉಣ್ಬೇಕು. ಹಸ್ಕಂಡೂ ಇರುದು ಬೇಡ, ಹೊಟ್ಟೆ ಬಿರಿಯೂದೂ ಬೇಡ. ಮತ್ತೆ, ಹತ್ತುಕೆ ಆಗುದಿಲ್ಲ ಅಂತ್ರಲ್ಲ, ದೋಣಿ ಅಲ್ಲೇ ಇದೆ. ಹತ್ತಿ ನೋಡಿ."

ಮರುದಿನದಿಂದ ಅವನ ಪಾಲಿಗೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಹರಿವೆಯದೋ ಬಸಳೆಯದೋ ಪಲ್ಯ, ನಾಡದೋಣಿಯವರು ತಂದ ತಾಜಾ ಮೀನು ಸಿಕ್ಕ ದಿನ ಎರಡು ತುಂಡು. ಒಣಮೀನಿನ ಗಂಟು ನೆರೆಮನೆಗೆ ಹೋಯಿತು. ಹಸಿವೆ ಕಾಡಿದಾಗ ಸೌತೆಕಾಯಿ.

ತೀರದ ಮೇಲೆ, ತಾಡಪತ್ರಿ ಹೊದ್ದು ನಿಂತಿದ್ದ ದೋಣಿಯ ಬಳಿಗೆ ರಾಮಾ ಹೋದ. ಮರಳಿನ ಮೇಲೆ ನಿಂತರೆ ಅಂಚು ಅವನ ಎದೆಗೆ ಬರುತ್ತಿತ್ತು. ಕಾಲು ಊರದೆ, ಕೈಯ ಬಲದಿಂದಲೇ ಮೈ ಎತ್ತಬೇಕು. ಮೊದಲ ದಿನ ಪಾದ ಮರಳನ್ನು ಬಿಡಲೇ ಇಲ್ಲ. ಅಲೆ ಹಿಂದಿನಿಂದ ಮೊರೆಯುತ್ತಿದ್ದುದರಿಂದ ಬೆನ್ನ ಮೇಲೆ ಮುಳ್ಳೆದ್ದಿತ್ತು. ಓಡಿಹೋಗಬೇಕೆನ್ನಿಸಿತು, ಓಡದಿರಲು ಅಂಚನ್ನೇ ಬಿಗಿಯಾಗಿ ಹಿಡಿದುಕೊಂಡ.

"ಎಂತ ಮಾರಾಯಾ, ದೋಣಿಗೆ ಮುದ್ದು ಮಾಡ್ತಾ ಇದ್ಯಾ?"

ತಾಡಪತ್ರಿಯ ಆಚೆ ಬೀರು ನಿಂತಿದ್ದ. ರಾಮಾ ಈ ಸಲ ನಗಲಿಲ್ಲ.

"ಹತ್ತುಕೆ ಕಲೀತಾ ಇದ್ದೆ. ಹೋಗು ನೀನು."

ಬೀರು ಹೋಗಲಿಲ್ಲ. ಬೀಡಿ ಹಚ್ಚಲು ಕಡ್ಡಿ ಗೀರಿದ, ಅದು ಆರಿತು, ಮತ್ತೆ ಗೀರಲಿಲ್ಲ.

"ಅವತ್ತು ನಿನ್ನ ಅಂಗಿ ಹರ್ದು ಕೈಗೆ ಬಂತಲ್ಲ," ಎಂದ. "ಮುಗೀತು, ಇವ ಹೋದ ಅಂದ್ಕಂಡೆ. ಗೋದಕ್ಕನಿಗೆ ಎಂತ ಹೇಳುದು ಅಂತ ಅಲ್ಲೇ ತಯಾರಿ ಮಾಡ್ಕಂಡೆ. ದಡಕ್ಕೆ ಬಂದ್ಮೇಲೆ ತಿಮಿಂಗಿಲ ಗಿಮಿಂಗಿಲ ಅಂದದ್ದು... ನಂಗೆ ಅಳು ಬರ್ತಿತ್ತೋ."

ಬೀರು ಬಗ್ಗಿ ರಾಮಾನ ಪಾದಗಳನ್ನು ಕೈಯಲ್ಲಿ ಹಿಡಿದು, "ಏಳು, ಮೇಲೆ ಏಳು, ಎಮ್ಮೆ!" ಎಂದು ನೂಕಿದ.

ಅನಂತರ ಅದೇ ದಿನಚರಿ. ಮಳೆ ಬಿರುಸಾದ ದಿನ ಬೇಡವೆನ್ನಿಸುತ್ತಿತ್ತು. ಬೀರು ಬಂದು ಅಂಗಳದಲ್ಲಿ ಬೈಯುತ್ತ ನಿಲ್ಲುತ್ತಿದ್ದ. ಮದುವೆಯೊಂದರಲ್ಲಿ ಹೋಳಿಗೆ ತಿಂದ ದಿನ ಎಲ್ಲ ಕೆಟ್ಟಿತೆಂದು ರಾಮಾ ಮಂಕಾದ. ಮರುದಿನ ಗೋದಾವರಿ ಏನೂ ಆಗದವಳಂತೆ ಅದೇ ಬಟ್ಟಲು ಮುಂದಿಟ್ಟಳು. ನಡಿಗೆಯೂ ಹೆದ್ದಾರಿ ಬಿಟ್ಟು ತೀರಕ್ಕೆ ಬಂತು. ಭಯ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದು ಇದ್ದುದರಿಂದಲೇ ಅವನು ನಡೆಯುತ್ತಿದ್ದ ಎಂಬುದೂ ಸುಳ್ಳಲ್ಲ.

ಆಗಸ್ಟ್ ಬಂತು. ಕಾಟಾ ತೊಂಬತ್ತೊಂಬತ್ತು ತೋರಿಸಿತು. ವೈದ್ಯರು ಕೇಳಿದ್ದು ಎಂಬತ್ತೆಂಟು. ಇದನ್ನು ಗೆಲುವೆಂದು ಸಾರಿದವರ ಮಾತನ್ನು ರಾಮಾ ಒಪ್ಪಲಿಲ್ಲ, ಅದು ಸರಿಯೇ.

ಬೇರೆ ದೋಣಿಗಳು ಮೀನಿಗೆ ಹೋದವು. ರಾಮಾ, ಬೀರು, ನಿತೇಶ ಬಲೆಯಿಲ್ಲದ ದೋಣಿಯನ್ನು ಅಲೆ ಒಡೆಯುವ ಗೆರೆಯಿಂದ ಸ್ವಲ್ಪವೇ ಆಚೆಗೆ ಒಯ್ದು ಎಂಜಿನ್ ನಿಲ್ಲಿಸಿದರು. ರಾಮಾ ಜೀವರಕ್ಷಕ ಜಾಕೆಟ್ ತೊಟ್ಟಿದ್ದ. ದೋಣಿಯಲ್ಲಿ ಇರಬೇಕಾದ ಈ ವಸ್ತುವನ್ನು ಮನೆಯ ಮೊಳೆಗೆ ತೂಗುಹಾಕಿ ಸಮುದ್ರಕ್ಕೆ ಹೋಗುವವರಿಗೆ ಏನು ಹೇಳಬೇಕೋ ತಿಳಿಯದು. ಮೇ ತಿಂಗಳವರೆಗೆ ಅವನೂ ಅವರಲ್ಲೊಬ್ಬ.

"ಮಾವ, ಖಂಡಿತಾ ಬೇಕಾ?" ಎಂದ ನಿತೇಶ.

ಉತ್ತರಿಸಿದರೆ ಧೈರ್ಯ ಸೋರಿಹೋಗುತ್ತದೆಂದು ರಾಮಾ ಉತ್ತರಿಸದೆ ನೀರಿಗೆ ಬಿದ್ದ.

ತಣ್ಣಗಿನ ಕೆಂಪು ಮಳೆನೀರು ಬೆರೆತ ಸಮುದ್ರ. ಕಿವಿಯೊಳಗೆ ತನ್ನದೇ ಉಸಿರು. ತಲೆಯೆತ್ತಿದಾಗ ಅಂಚು ಅಲ್ಲೇ ಇತ್ತು, ಕೈಕಾಲು ಕಲ್ಲಾದವು. ಇಲ್ಲಿಯೇ ಕೂಗಿಕೊಳ್ಳುತ್ತೇನೆ ಎಂದುಕೊಂಡ. ಕೂಗುವ ಬದಲು ಎಳೆದ. ಎದೆ ಬಂತು, ಹೊಟ್ಟೆ ತಗುಲಿತು, ದೋಣಿ ವಾಲಿತು. ಬೀರು ಥಟ್ಟನೆ ಎದುರು ಬದಿಗೆ ಹೋಗಿ ತನ್ನ ಭಾರ ಹಾಕಿದ. ನಿತೇಶ ಜಾಕೆಟ್ಟಿನ ಪಟ್ಟಿ ಹಿಡಿದು ಜಗ್ಗಿದ. ಅಂಚು ಹೊಟ್ಟೆಯ ಮೇಲಿಂದ ಜಾರಿ ತೊಡೆಗೆ ಬಂತು, ಮೊಣಕಾಲು ಮೇಲೇರಿತು, ರಾಮಾ ತಲೆಕೆಳಗಾಗಿ ದೋಣಿಯೊಳಗೆ ಬಿದ್ದ.

ಉಪ್ಪುನೀರು ಕೆಮ್ಮಿ ರಾಮಾ ಎದ್ದು ಕುಳಿತ.

"ಬಂದ್ಯಲ್ಲ ಮಾವ! ಸಾಕು, ಮನೆಗೆ ಹೋಗ್ವ," ಎಂದ ನಿತೇಶ.

"ನೀ ಎಳೆದದ್ದಕ್ಕೆ ಬಂದೆ."

"ಎಳೆಯುಕೇ ಅಲ್ವಾ ನಾವಿರುದು?" ಎಂದ ಬೀರು.

"ನೀವಿಬ್ರೂ ಇಲ್ದಾಗ ಬೀಳುದಿಲ್ಲ ಅಂತ ಬರ್ದು ಕೊಟ್ಟವ್ರು ಯಾರು? ಇನ್ನೊಂದ್ಸಲ. ಈ ಸಲ ಕೈ ಕೊಡ್ಬೇಡ. ಮುಳುಗಿದ್ರೆ ಮಾತ್ರ ಕೊಡು."

ಅವನ ಮೊಣಕಾಲು ನಡುಗುತ್ತಲೇ ಇತ್ತು. ಅವರಿಬ್ಬರಿಗೂ ಅದು ಕಾಣುತ್ತಿತ್ತು, ಅವನೂ ಮುಚ್ಚಲಿಲ್ಲ. ನಡುಗುವ ಕಾಲನ್ನೇ ಅಂಚಿನಾಚೆಗೆ ಹಾಕಿ ರಾಮಾ ಮತ್ತೆ ನೀರಿಗಿಳಿದ.