ಮೆಟ್ಟಿಲ ಮೇಲಿನ ಬ್ಯಾಟರಿ

ಕಣ್ಣಾರೆ ಕಂಡೆ ಎನ್ನುವವರನ್ನು ನಾನು ನಂಬಿದವನಲ್ಲ. ನೆನಪು ತನಗೆ ಬೇಕಾದ ಹಾಗೆ ಕಥೆ ಕಟ್ಟುತ್ತದೆ. ನನ್ನದೂ ಹಾಗೆಯೇ ಇರಬಹುದು, ಅನುಮಾನದಿಂದಲೇ ಓದಿ.

ಆಗ ನಾವು ರಾಜಗೋಪಾಲನಗರದ ಒಂದು ವಠಾರದಲ್ಲಿದ್ದೆವು. ನಾನು ಪೀಣ್ಯದಲ್ಲಿ ಲೇತ್ ಆಪರೇಟರ್. ಅಂದು ಆಯುಧಪೂಜೆ. ಬೆಳಿಗ್ಗೆ ನನ್ನ ಹಳೆಯ ಟೂ-ಸ್ಟ್ರೋಕ್ ಬೈಕನ್ನು ಬ್ರಷ್ ಹಾಕಿ ಉಜ್ಜಿ, ಪೈಪು ಹಿಡಿದು ತೊಳೆದಿದ್ದೆ. ಸಂಜೆ ಧೂಪದ ಹೊಗೆಗೆ ಹೆಂಡತಿ ಸುಧಾಳಿಗೆ ಉಬ್ಬಸ ಎದ್ದಿತು. ಅವಳು ಬಾಯಿಗೆ ಹೊಡೆದುಕೊಳ್ಳುವ ಪಂಪಿನ ಔಷಧ ಮುಗಿದಿತ್ತು. ಆಸ್ಪತ್ರೆಗೆ ಹೋಗೋಣವೆಂದರೆ ಎಷ್ಟು ಒದ್ದರೂ ಬೈಕು ಸ್ಟಾರ್ಟ್ ಆಗಲಿಲ್ಲ. ಕರೆಂಟು ಬೇರೆ ಹೋಯಿತು.

ಹಬ್ಬದ ರಜೆಗೆ ವಠಾರವೆಲ್ಲ ಊರಿಗೆ ಹೋಗಿತ್ತು. ಉಳಿದವನು ಗದಗದ ಕಡೆಯ ಬಸಣ್ಣ, ಗಾರೆ ಕೆಲಸದವನು. ಆಟೋ ಹುಡುಕಲು ಹೊರಟವನು, ನಾನು ದೇವರ ಮುಂದಿನ ಸ್ಪ್ಯಾನರುಗಳನ್ನು ಬಾಚಿಕೊಳ್ಳುವುದನ್ನು ಕಂಡು ನಿಂತ.

"ಅಣ್ಣಾರ, ಪೂಜಿಗಿಟ್ಟದ್ದನ್ನ ನಾಳಿತನಕ ಮುಟ್ಟಬಾರದ್ರಿ. ನನ್ನ ಇಕ್ಕಳ ಕೊಡೋಣಂದ್ರ ಅದೂ ದೇವರ ಮುಂದ ಐತಿ."

"ಇವಳನ್ನ ದೇವ್ರು ಕರ್ಕೊಂಡೋಗ್ತಾನಾ?" ಎಂದು ರೇಗಿದೆ. ಆಡಿದ ಮೇಲೆ ಆ ಮಾತಿಗೆ ನಾನೇ ಬೆದರಿದೆ. ಬಸಣ್ಣ ಆಟೋ ಹುಡುಕಲು ಹೋದ.

ಮೇಣದಬತ್ತಿ ಹಚ್ಚಿಟ್ಟು, ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದೆ. ಕಿಡಿ ಇಲ್ಲ. ಕಿಡಿ ಹುಟ್ಟಿಸುವ ಪಾಯಿಂಟ್ ಒರೆಸಿದೆ. ಇಲ್ಲ. ನೀರು ಹೊಕ್ಕು ಶಾರ್ಟ್ ಆಗಿದೆಯೆಂದುಕೊಂಡು ಕೀಲಿ ಜೇಬಿಗಿಟ್ಟು, ಬ್ಯಾಟರಿಯನ್ನೇ ಕಳಚಿ ಮೆಟ್ಟಿಲ ಮೇಲಿಟ್ಟೆ. ಬಾಗಿಲಲ್ಲಿ ಕುಳಿತ ಸುಧಾಳ ಎದೆ ಸಿಳ್ಳೆ ಹಾಕುತ್ತಿತ್ತು. ಮೇಣದಬತ್ತಿ ಗಾಳಿಗೆ ಆರಿತು.

ಆಗ ಹೆಡ್‌ಲೈಟ್ ಹೊತ್ತಿತು. ಇಂಜಿನ್ ಓಡುತ್ತಿಲ್ಲ, ಬ್ಯಾಟರಿ ಇಲ್ಲ. ಆದರೂ ಮಿಣುಕದೆ, ಹಳದಿಯಾಗಿ ಉರಿಯಿತು. ಹಳದಿಯೇ? ಈಗ ಹಾಗೆನಿಸುತ್ತದೆ. ಎದುರುಗೋಡೆಯಿಂದ ಮರಳಿದ ಬೆಳಕಿನಲ್ಲಿ, ಟ್ಯಾಂಕಿನ ಕೆಳಗೆ, ಪ್ಲಗ್‌ಗೆ ಕರೆಂಟು ಕೊಡುವ ಕಾಯಿಲ್‌ಗೆ ಹೋಗುವ ವೈರು ತುಂಡಾಗಿರುವುದು ಕಂಡಿತು. ತಿರುಚಿ ಜೋಡಿಸಿದೆ. ಬೆಳಕು ಹೋಯಿತು. ಪ್ಲಗ್ ಹಾಕಿ, ಕೀಲಿ ತಿರುಗಿಸಿ ಒದ್ದೆ. ಒಂದೇ ಕಿಕ್‌ಗೆ ಬೈಕು ಎದ್ದಿತು. ಆ ಹಳೆಯ ಬೈಕಿನಲ್ಲಿ ಇಂಜಿನ್ ತಿರುಗಿದರೆ ತಾನೇ ಕಿಡಿ ಹುಟ್ಟುತ್ತಿತ್ತು, ಓಡಲು ಬ್ಯಾಟರಿ ಬೇಕಿರಲಿಲ್ಲ. ಅದನ್ನು ಅಲ್ಲೇ ಬಿಟ್ಟು ಹೊರಟೆವು. ಆಟೋ ಸಿಗದೆ ಮರಳಿದ ಬಸಣ್ಣ ಅದು ಮೆಟ್ಟಿಲ ಮೇಲಿದ್ದುದನ್ನು ನೋಡಿದ್ದಾನೆ. ಅಷ್ಟು ಮಾತ್ರ ಖಚಿತ.

ವೈದ್ಯರು ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ವಾರ ಕಳೆದ ಮೇಲೆ ಸುಧಾಳ ಬಳಿ ಆ ಬೆಳಕಿನ ಮಾತೆತ್ತಿದೆ.

"ಬೆಳಕೇನೂ ಇರ್ಲಿಲ್ಲ ಕಣ್ರೀ. ಕತ್ಲಲ್ಲಿ ನೀವು ಸುಮ್ನೆ ನಿಂತ್ಬಿಟ್ರಿ. ನಾನು ಕರೀತಾನೇ ಇದ್ದೆ" ಎಂದಳು.

ಹಾಗಾದರೆ ವೈರು ಕಂಡದ್ದು ಹೇಗೆ? ಅವಳು ಕರೆದದ್ದು ನನಗೆ ಕೇಳಿಸಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಎಂದು ಇಂದಿಗೂ ಕೇಳುತ್ತೇನೆ. ಅವಳು ಮಾತು ಬದಲಿಸುತ್ತಾಳೆ.