ಕನ್ನಡಿಯಿಲ್ಲದ ಮನೆಯ ಕನ್ನಡಿಯಕ್ಕ

"ನಿನ್ನ ಮದುವೆಗೆ ಜಡೆ ಹೆಣೆಯೋದು ನಾನೇ." ಹದಿನಾಲ್ಕು ವರ್ಷದ ಹಿಂದೆ, ಪೊಲೀಸರು ಬಾಗಿಲಲ್ಲಿ ನಿಂತಿದ್ದಾಗ, ಎಂಟರ ಮಗಳಿಗೆ ಆಕೆ ಕೊಟ್ಟ ಮಾತು. ಕೈಯಲ್ಲಿದ್ದ ಜಡೆ ಅರ್ಧಕ್ಕೇ ನಿಂತಿತ್ತು.

ಈಗ ಬೆಳಗಿನ ಐದೂವರೆ. ಹೆಂಗಸರ ಜೈಲಿನ ನೀರಿನ ತೊಟ್ಟಿಯ ಪಕ್ಕ ಆಕೆ ಕೂತಿದ್ದಾರೆ. ಮುಂದೆ ಒಂಬತ್ತು ಜನರ ಸಾಲು, ಇವತ್ತು ಕೋರ್ಟಿಗೆ ಹೋಗುವವರು. ಗಾಜು ಒಳಗೆ ಬಿಡದ ಕಾರಣ ಇಲ್ಲಿ ಕನ್ನಡಿಯಿಲ್ಲ. ತಲೆ ಬಾಚಿ, ಮುಖ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಈಕೆಯ ಕೆಲಸ. ಹಾಗಾಗಿ ಎಲ್ಲರಿಗೂ ಕನ್ನಡಿಯಕ್ಕ. ಎಪ್ಪತ್ತು ತಲೆಗೆ ಒಂದೇ ಬಾಚಣಿಗೆ. ಅದರ ನಾಲ್ಕು ಹಲ್ಲು ಉದುರಿವೆ.

"ಅಕ್ಕಾ, ಹೇಗ್ ಕಾಣ್ತೀನಿ?"

"ಅತ್ತೂ ಅತ್ತೂ ಕಣ್ಣು ಊದಿದೆ. ಹೋಗಿ ತಣ್ಣೀರು ಹಾಕ್ಕೋ. ನಿನ್ ಮಗ ಬಂದಿರ್ತಾನೆ, ಈ ಮುಖ ನೋಡ್ಬೇಕಾ ಅವ್ನು?"

ಇಲ್ಲಿಯವರ ಮಾತಿನಲ್ಲಿ ಜೈಲು ಗಂಡನ ಮನೆ. ಹೊಸಬಳು ಸೊಸೆ, ಕಾವಲಿನವಳು ಅತ್ತೆ, ಕೋರ್ಟಿನ ವ್ಯಾನು ಪಲ್ಲಕ್ಕಿ. ಬಿಡುಗಡೆಯಾದವಳು ತವರಿಗೆ ಹೋದಳು. ಜೀವಾವಧಿಯವರು ಮಾತ್ರ ಕಂಬ. "ಅನ್ಲಿ ಬಿಡಿ, ಮನೆ ನಿಂತಿರೋದೇ ನಮ್ಮಿಂದ," ಎಂದು ಕನ್ನಡಿಯಕ್ಕ ನಗುತ್ತಾರೆ. ಅವರೂ ಕಂಬವೇ. ದಿನಾ ಬಡಿಯುತ್ತಿದ್ದ ಗಂಡನನ್ನು ಒಂದು ಸಂಜೆ ತಿರುಗಿ ಹೊಡೆದರು. ಅವನು ಏಳಲಿಲ್ಲ.

ಮಗಳ ಮದುವೆ ಗೊತ್ತಾದಾಗ ಎರಡು ದಿನದ ಪೆರೋಲಿಗೆ ಅರ್ಜಿ ಹಾಕಿದರು. ಮಂಜೂರಾಗಲಿಲ್ಲ. ಮದುವೆಗೆ ನಾಲ್ಕು ದಿನ ಇರುವಾಗ ಮಗಳೇ ಭೇಟಿಗೆ ಬಂದಳು. ನಡುವೆ ಬೆರಳೂ ತೂರದ ಜಾಲರಿ. ಹುಡುಗಿ ಬೆನ್ನು ತಿರುಗಿಸಿ ಕೂದಲು ಬಿಚ್ಚಿ ಕೂತಳು.

"ನೀನು ಹೇಳಮ್ಮ, ನಾನು ಹೆಣೀತೀನಿ. ಅಲ್ಲಿಗೆ ನೀನೇ ಹೆಣೆದ ಹಾಗಾಯ್ತು."

ಎಲ್ಲಿ ಭಾಗ ಮಾಡಬೇಕು, ಎಲ್ಲಿ ಬಿಗಿ ಹಿಡಿಯಬೇಕು, ತಾಯಿ ಹೇಳುತ್ತ ಹೋದರು. ಮಗಳ ಬೆರಳು ಹಾಗೇ ಓಡಿತು. ತುದಿಗೆ ಬಂದಾಗ ಕೇಳಿದಳು, "ಹೇಗಿದೆ?"

"ಸೊಟ್ಟ ಇದೆ ಕಣೇ. ಬಿಚ್ಚಿ ಮತ್ತೆ ಹೆಣಿ."

ಬಿಚ್ಚಿ ಅರ್ಧ ಹೆಣೆಯುವಷ್ಟರಲ್ಲಿ ಭೇಟಿಯ ಗಂಟೆ ಹೊಡೆಯಿತು.

"ಚೆನ್ನಾಗಿದೆ ಅಂದಿದ್ರೆ ಮುಗೀತಿತ್ತು," ಎನ್ನುತ್ತಾರೆ ಕನ್ನಡಿಯಕ್ಕ, ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಬೆರಳಿಗೆ ಸುತ್ತುತ್ತ. "ಇಷ್ಟು ವರ್ಷದ ಅಭ್ಯಾಸ ನೋಡಿ, ಬಾಯಿಗೆ ಸುಳ್ಳು ಬರ್ಲಿಲ್ಲ."

ಮದುವೆ ಭಾನುವಾರ ಆಯಿತು. ಜಡೆ ಹೆಣೆದದ್ದು ಗಂಡಿನ ಅಕ್ಕ.