ತಲೆಕೆಳಗು ಬ್ಯಾನರಿನ ಕುಣಿಕೆ

ದರ್ಜಿ ಬೂಜೆಮಾ ಈಗ ಬ್ಯಾನರಿಗೆ ಕುಣಿಕೆ ಹೊಲಿಯುವುದಿಲ್ಲ. ಫುಟ್‌ಬಾಲ್ ಬಳಗದ ಹುಡುಗರು ಬಂದು ಕೇಳಿದರೆ ಕೈ ಸುಟ್ಟುಕೊಂಡಿದ್ದೇನೆ, ಸೂಜಿ ಹಿಡಿಯಲಾಗುವುದಿಲ್ಲ ಎನ್ನುತ್ತಾನೆ. ಆ ಕೈ ಮಾಯ್ದು ಮೂರು ವರ್ಷವಾಯಿತು. ಅದೇ ಕೈಯಲ್ಲಿ ಅವನು ಮದುವಣಗಿತ್ತಿಯರ ನಿಲುವಂಗಿಗೆ ಜರಿ ಹೊಲಿಯುವುದನ್ನು ಎದುರಿನ ನನ್ನ ಕಾಫಿ ಅಂಗಡಿಯಿಂದ ದಿನಾ ನೋಡುತ್ತೇನೆ. ಸುಳ್ಳು ಹೇಳುತ್ತಾನೆ, ಹೇಳಲಿ. ಆ ಸುಳ್ಳಿನಲ್ಲಿ ನನ್ನದೂ ಪಾಲಿದೆ.

ನಮ್ಮ ಮರ್ಸಾ ಸಗೀರ ಬಂದರಿನಲ್ಲಿ ಹುಟ್ಟಿದವನು ಕಿತ್ತಳೆ ಬಣ್ಣದ ತಂಡದ ಕಡೆ, ಬೆಟ್ಟದ ಮೇಲಿನ ಐನ್ ಲೂಜ್‌ನಲ್ಲಿ ಹುಟ್ಟಿದವನು ನೇರಳೆ ಕಡೆ. ಹೆಣ್ಣು ಕೊಡುತ್ತೇವೆ, ತರುತ್ತೇವೆ. ಅವರ ಬಾದಾಮಿ ನಾವು ತಿನ್ನುತ್ತೇವೆ, ನಮ್ಮ ಮೀನು ಅವರು ತಿನ್ನುತ್ತಾರೆ. ಫುಟ್‌ಬಾಲಿನ ದಿನ ಮಾತ್ರ ಪರಸ್ಪರ ಅಪ್ಪ, ಅಜ್ಜ, ಮುತ್ತಜ್ಜ ಯಾರನ್ನೂ ಬಿಡದೆ ಬೈಯುತ್ತೇವೆ. ಬೈದು, ಗಂಟಲು ಕಟ್ಟಿಸಿಕೊಂಡು, ಮನೆಗೆ ಹೋಗಿ ಮಲಗುತ್ತೇವೆ. ಸಾವಿರದಲ್ಲಿ ಒಂಬೈನೂರ ತೊಂಬತ್ತು ಜನ ಇಷ್ಟೇ. ಉಳಿದ ಹತ್ತು ಜನಕ್ಕೆ ಅಷ್ಟು ಸಾಲದು.

ಬೂಜೆಮಾನ ತಂಗಿ ಜುಲೀಖಾಳನ್ನು ಐನ್ ಲೂಜ್‌ಗೆ ಕೊಟ್ಟಿದ್ದರು. ಅಣ್ಣ ತಂಗಿ ಇಬ್ಬರಿಗೂ ಸೂಜಿ ಹಿಡಿಸಿದ್ದು ಅಪ್ಪ. ಆ ಮುದುಕನದು ಒಂದು ಗಂಟಿತ್ತು: ಎರಡು ಸಲ ಹಿಂದಕ್ಕೆ, ಒಂದು ಸಲ ಅಡ್ಡಕ್ಕೆ, ದಾರದ ತುದಿ ಬಟ್ಟೆಯೊಳಗೆ ಮಾಯ. ಸಮುದ್ರದ ಗಾಳಿಗೆ ಯಂತ್ರದ ಹೊಲಿಗೆ ಬಿಟ್ಟುಕೊಂಡರೂ ಅದು ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಬ್ಯಾನರಿನ ಕುಣಿಕೆಗಳನ್ನು ಅಣ್ಣ ಕೈಯಲ್ಲೇ ಹೊಲಿಯುತ್ತಿದ್ದ, ನೇರಳೆಯವರದನ್ನು ತಂಗಿ ಹೊಲಿಯುತ್ತಿದ್ದಳು. ಈದ್‌ಗೆ ಸೇರಿದಾಗ ಇಬ್ಬರಿಗೂ ಅದೇ ಜಗಳ. ನಿಮ್ಮೋರ ಬಟ್ಟೆಗೆ ದಾರ ದಂಡ ಕಣೇ ಎಂದು ಇವನು ಕೆಣಕಿದರೆ ಅವಳು ಕಾಫಿ ಬಗ್ಗಿಸುತ್ತಲೇ ಹೇಳುವಳು, "ಹೌದಣ್ಣ, ನಿಮ್ಮೋರಿಗೆ ಗೋಲ್ ಹೊಡೆಯೋಕಂತೂ ಬರಲ್ಲ. ಬ್ಯಾನರಾದ್ರೂ ನೆಟ್ಟಗಿರ್ಲಿ, ನೀನು ಚೆನ್ನಾಗ್ ಹೊಲಿ."

ನಮ್ಮ ಕಡೆ ಅಭಿಮಾನಿ ಬಳಗಕ್ಕೆ ಬ್ಯಾನರೇ ಮಾನ. ಅದನ್ನು ಎದುರಾಳಿಗಳು ಕಿತ್ತುಕೊಂಡು ತಮ್ಮ ಮೈದಾನದಲ್ಲಿ ತಲೆಕೆಳಗಾಗಿ ಕಟ್ಟಿಬಿಟ್ಟರೆ ಆ ಬಳಗದ ಕತೆ ಮುಗಿಯಿತು, ಮರುದಿನವೇ ಬಾಗಿಲು ಹಾಕಬೇಕು. ಅದನ್ನು ಕಾಯುತ್ತಿದ್ದು ಕಳೆದುಕೊಂಡವನನ್ನು ಆಮೇಲೆ ಯಾರೂ ಮಾತಾಡಿಸುವುದಿಲ್ಲ. ಈ ಕಟ್ಟಳೆ ಮಾಡಿದ ಪುಣ್ಯಾತ್ಮ ಯಾರೋ, ಸಿಕ್ಕಿದರೆ ನಾನು ಅವನ ಕಾಫಿಗೆ ಉಪ್ಪು ಹಾಕಿ ಕೊಡುತ್ತೇನೆ.

ಬೂಜೆಮಾ ಕೈ ಸುಟ್ಟುಕೊಂಡ ವರ್ಷ, ಮಾರ್ಚಿನಲ್ಲಿ ಝುಬೀರ್ ಎಂಬವನು, ನಮ್ಮ ಹತ್ತು ಜನರಲ್ಲಿ ಮೊದಲನೆಯವನು, ದೊಡ್ಡದೊಂದು ಗಂಟು ಹೊತ್ತು ದರ್ಜಿ ಅಂಗಡಿಗೆ ಬಂದ. ಬಿಚ್ಚಿದರೆ ನೇರಳೆಯವರ ಬ್ಯಾನರ್. ಹೆದ್ದಾರಿಯಲ್ಲಿ ಅವರ ವ್ಯಾನು ನಿಂತಿದ್ದಾಗ ಎತ್ತಿಕೊಂಡು ಬಂದೆವು, ಯಾರಿಗೂ ಒಂದು ಪೆಟ್ಟೂ ಬಿದ್ದಿಲ್ಲ ಎಂದ. ಕುಣಿಕೆಗಳಿದ್ದದ್ದು ಮೇಲಿನ ಅಂಚಿನಲ್ಲಿ. ತಲೆಕೆಳಗಾಗಿ ಕಟ್ಟಬೇಕಾದರೆ ಕೆಳಗಿನ ಅಂಚಿಗೂ ಕುಣಿಕೆ ಬೇಕು. ಶುಕ್ರವಾರ ನೇರಳೆಯವರೇ ನಮ್ಮೂರಿಗೆ ಆಡಲು ಬರುತ್ತಿದ್ದರು, ಅಷ್ಟರೊಳಗೆ ಆಗಬೇಕು.

ಬೂಜೆಮಾ ಮೇಲಿನ ಅಂಚನ್ನು ಬೆರಳಲ್ಲಿ ಸವರಿ ನೋಡಿದ. ಅಪ್ಪನ ಗಂಟು. ನನ್ನನ್ನು ಕೂಗಿ ಕರೆದು, ನೋಡೋ ನಮ್ಮ ಜುಲೀಖಾಳ ಕೈ ಎಂದು ತೋರಿಸಿ ನಕ್ಕ. ನಾನೂ ನಕ್ಕೆ. ಈದ್‌ಗೆ ತಂಗಿಯನ್ನು ಗೋಳು ಹುಯ್ದುಕೊಳ್ಳಲು ಒಳ್ಳೆ ಸರಕು ಸಿಕ್ಕಿತೆಂದು ಅವನ ಲೆಕ್ಕ. ಮೂರು ದಿನ ಕೂತು ಇಪ್ಪತ್ತನಾಲ್ಕು ಕುಣಿಕೆ ಹೊಲಿದ. ಬಟ್ಟೆಯ ಒಂದು ಮೂಲೆಯಲ್ಲಿ ಕಂದು ಬಣ್ಣದ ಕಲೆಯಿತ್ತು. ಕಾಫಿ ಚೆಲ್ಲಿರಬೇಕು ಎಂದ. ನಾನು ಮೂವತ್ತು ವರ್ಷದಿಂದ ಕಾಫಿ ಮಾರುವವನು. ಕಾಫಿ ಕಲೆ ಯಾವುದು, ಯಾವುದಲ್ಲ ಎಂದು ನನಗೆ ಗೊತ್ತು. ಸುಮ್ಮನಿದ್ದೆ.

ಗುರುವಾರ ಮಧ್ಯಾಹ್ನ ಝುಬೀರ್ ಬಂದು ಗಂಟು ಒಯ್ದ. ಸಂಜೆ ಜುಲೀಖಾಳ ಫೋನ್ ಬಂತು. ಅವಳ ಮಗ ಅನೀಸ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ವ್ಯಾನಿನಲ್ಲಿ ಬ್ಯಾನರ್ ಕಾಯುತ್ತಿದ್ದವನು ಅವನೇ. ಬಿಡದೆ ತಬ್ಬಿಕೊಂಡು ಕೂತಿದ್ದನಂತೆ, ಕಬ್ಬಿಣದ ಸರಳಿನಲ್ಲಿ ಹೊಡೆದರು, ಎಡಗಣ್ಣು ಹೋಯಿತು. ಊರ ಜಗಳ ಮನೆಗೆ ಬರುವುದು ಬೇಡವೆಂದು ಎಂಟು ದಿನ ಅಣ್ಣನಿಗೆ ಹೇಳದೆ ನುಂಗಿಕೊಂಡಿದ್ದಳು. ಈಗ ತಡೆಯಲಾಗಲಿಲ್ಲ. ಹುಡುಗನನ್ನು ನೋಡಲು ಅವನ ಬಳಗದವರು ಒಬ್ಬರೂ ಬಂದಿಲ್ಲ. ಅನ್ನ ನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಬ್ಯಾನರ್ ಮೈದಾನದಲ್ಲಿ ಏರದೆ ವಾಪಸು ಬಂದರೆ ಮಾತ್ರ ಅವನು ಮತ್ತೆ ತಲೆ ಎತ್ತಿಯಾನು.

"ಅದು ನಿಮ್ಮೂರಲ್ಲಿ ಯಾರ ಹತ್ರ ಇದೆ ಅಂತ ಗೊತ್ತಾದ್ರೆ ಕಾಲು ಹಿಡಿದಾದ್ರೂ ಇಸ್ಕೊಡಣ್ಣ. ನಾನು ಕಣ್ಣು ಕೇಳ್ತಿಲ್ಲ. ಬಟ್ಟೆ ಕೇಳ್ತಿದ್ದೀನಿ."

ಆಗಲಿ ಎಂದಷ್ಟೇ ಹೇಳಿ ಬೂಜೆಮಾ ಫೋನ್ ಇಟ್ಟ. ಅದು ಮಧ್ಯಾಹ್ನದವರೆಗೂ ತನ್ನ ಮಡಿಲಲ್ಲೇ ಇತ್ತೆಂದು ಹೇಳುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಎದ್ದವನೇ ಝುಬೀರನ ಮನೆಗೆ ಹೋದ, ನಾನೂ ಹಿಂದೆ ಹೋದೆ. ನಿಜವಾಗಿಯೂ ಕಾಲು ಹಿಡಿಯಲು ಬಗ್ಗಿದ. ಝುಬೀರ್ ಕಾಲು ಎಳೆದುಕೊಂಡು, ದನಿಯೇರಿಸದೆ ಹೇಳಿದ, "ಕುಣಿಕೆ ಹೊಲಿಯೋವಾಗ ನಿಂಗೆ ಎಲ್ಲಾ ಕಾಣ್ತಿತ್ತಲ್ಲ ಕಾಕಾ? ಈಗೇನು ಹೊಸದಾಗಿ ಕಂಡಿದ್ದು?"

ಬೂಜೆಮಾನನ್ನು ಎಬ್ಬಿಸಿಕೊಂಡು ಹೊರಗೆ ಬಂದೆ. ಬಳಗದ ಹಿರಿಯರ ಮನೆಗಳಿಗೂ ಹೋದೆವು. ತಪ್ಪು, ವಾಪಸು ಕೊಡಬೇಕು ಎಂದು ಎಲ್ಲರೂ ಒಪ್ಪಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಲ್ಲಿಗೆ ಮಾತು ಬಂದಾಗ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಯಿತು.

ಶುಕ್ರವಾರ ಮೈದಾನ ತುಂಬಿತ್ತು. ಎದುರು ಮೂಲೆಯಲ್ಲಿ ನೇರಳೆಯವರು ಮುನ್ನೂರು ಜನ, ಅವರಲ್ಲಿ ಮುದುಕರೂ ಹೆಂಗಸರೂ ಇದ್ದರು. ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ನಮ್ಮ ಕಡೆಯ ಕಂಬಿಯಿಂದ ಅವರ ಬ್ಯಾನರ್ ಇಳಿಯಿತು, ತಲೆಕೆಳಗಾಗಿ. ಇಪ್ಪತ್ತನಾಲ್ಕು ಕುಣಿಕೆಯಲ್ಲಿ ಒಂದೂ ಜಾರಲಿಲ್ಲ. ಇಡೀ ಮೈದಾನ ಎದ್ದು ಕೂಗಿತು. ನಾನೂ ಎದ್ದು ಕೂಗಿದೆ. ಹತ್ತು ಜನ, ಹತ್ತು ಜನ ಎಂದು ಹೇಳುತ್ತಿದ್ದೆನಲ್ಲ, ಆ ಗಳಿಗೆಯಲ್ಲಿ ನಾನು ಹನ್ನೊಂದನೆಯವನು. ಅನೀಸನ ಕಣ್ಣು ಹೋದದ್ದು ಗೊತ್ತಿದ್ದೂ ಬಾಯಿ ತಾನಾಗಿ ತೆರೆಯಿತು. ಥೂ, ಈಗಲೂ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳೋಣ ಎನಿಸುತ್ತದೆ.

ನೇರಳೆಯವರು ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಒಬ್ಬ ಮುದುಕ ಎದ್ದು ನಮಗೆ ಬೆನ್ನು ತಿರುಗಿಸಿ ನಿಂತ. ಅಷ್ಟರಲ್ಲಿ ಝುಬೀರ್ ಬಟ್ಟೆಗೆ ಬೆಂಕಿ ಇಟ್ಟ. ಪಕ್ಕಕ್ಕೆ ತಿರುಗಿದರೆ ಬೂಜೆಮಾ ಇಲ್ಲ. ಅರವತ್ತಮೂರು ವರ್ಷದ ಮನುಷ್ಯ ಮೆಟ್ಟಿಲು ಹಾರಿಕೊಂಡು ಇಳಿಯುತ್ತಿದ್ದ. ಉರಿಯುವ ಬಟ್ಟೆಯನ್ನು ಬರಿಗೈಯಲ್ಲಿ ಹಿಡಿದು ಎಳೆದ, ಬಡಿದ, ಮತ್ತೆ ಎಳೆದ. ಜನ ಸಿಳ್ಳೆ ಹೊಡೆದರು, ದರ್ಜಿಗೆ ತಲೆ ಕೆಟ್ಟಿದೆ ಎಂದು ನಕ್ಕರು. ಕೊನೆಗೆ ಅವನ ಕೈಗೆ ಸಿಕ್ಕಿದ್ದು ಒಂದು ಮೊಳ ಬಟ್ಟೆ.

ಶನಿವಾರ ಬಾಡಿಗೆ ಟ್ಯಾಕ್ಸಿಯಲ್ಲಿ ಐನ್ ಲೂಜ್‌ಗೆ ಹೊರಟ. ಎರಡೂ ಕೈಗೆ ಬ್ಯಾಂಡೇಜು, ಬಾಗಿಲು ತೆಗೆಯಲೂ ಆಗುತ್ತಿರಲಿಲ್ಲ, ನಾನು ಜೊತೆಗೆ ಹೋದೆ. ಮಡಿಲಲ್ಲಿ ಪೇಪರಿನಲ್ಲಿ ಸುತ್ತಿದ ತುಂಡು. ದಾರಿಯಲ್ಲಿ ಬಿಚ್ಚಿ ನೋಡಿದೆವು. ಮೇಲಿನ ಅಂಚು ಸುಟ್ಟು ಹೋಗಿತ್ತು. ಕೆಳಗಿನ ಅಂಚಿನಲ್ಲಿ ಅವನು ಹೊಲಿದ ಒಂದು ಕುಣಿಕೆ ಗಟ್ಟಿಯಾಗಿ ಕೂತಿತ್ತು. ಅವನ ಜೇಬಿನಲ್ಲಿ ಕತ್ತರಿ ಯಾವಾಗಲೂ ಇರುತ್ತದೆ. ತೆಗೆದುಬಿಡಲೇ ಎಂದು ಕೇಳಿದೆ. ಬೇಡ, ಮತ್ತೆ ಸುತ್ತಿಡು ಎಂದ.

ಜುಲೀಖಾ ಅಣ್ಣನ ಕೈ ನೋಡಿ ಅತ್ತಳು. ಲೋಟ ಹಿಡಿಯಲಾಗದ್ದಕ್ಕೆ ತಾನೇ ಅವನ ಬಾಯಿಗೆ ಕಾಫಿ ಹಿಡಿದಳು. ಒಳಗಿನ ಕೋಣೆಯಲ್ಲಿ ಅನೀಸ್ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಬಳಗದ ಬಾಗಿಲಿಗೆ ಆ ಬೆಳಿಗ್ಗೆಯೇ ಬೀಗ ಬಿದ್ದಿತ್ತು.

ಅವಳು ಪೇಪರು ಬಿಚ್ಚಿದಳು. ಸುಟ್ಟ ಅಂಚನ್ನು ಸವರಿದಳು. ಬೆರಳು ಕುಣಿಕೆಗೆ ಬಂದು ನಿಂತಿತು. ಮಗುಚಿ ನೋಡಿದಳು. ಎರಡು ಸಲ ಹಿಂದಕ್ಕೆ, ಒಂದು ಸಲ ಅಡ್ಡಕ್ಕೆ. ತಾನು ಕೆಳಗಿನ ಅಂಚಿಗೆ ಕುಣಿಕೆ ಇಟ್ಟಿರಲಿಲ್ಲವೆಂದು ಅವಳಿಗೆ ಗೊತ್ತಿರದೆ ಇರುತ್ತದೆಯೇ? ಎದ್ದು ಹೋಗಿ ಬ್ಲೇಡು ತಂದಳು. ಬಟ್ಟೆಗೆ ನೋವಾಗದಂತೆ ಒಂದೊಂದೇ ಎಳೆ ಕತ್ತರಿಸಿ ಗಂಟು ಬಿಚ್ಚಿದಳು, ಅಪ್ಪ ಕಲಿಸಿದ ಹಾಗೆಯೇ. ತುಂಡನ್ನು ಮಡಿಸಿ ಮಗನ ದಿಂಬಿನ ಪಕ್ಕ ಇಟ್ಟು ಬಂದಳು. ಅವನು ತಿರುಗಲಿಲ್ಲ.

ಕುಣಿಕೆಯನ್ನು ಅಣ್ಣನ ಅಂಗೈಯಲ್ಲಿಟ್ಟಳು. ಬ್ಯಾಂಡೇಜು ಸುತ್ತಿದ ಬೆರಳುಗಳು ಮಡಚಲಿಲ್ಲ. ತಾನೇ ಮಡಚಿದಳು.

"ಬಟ್ಟೆ ನಮ್ದು. ಇದು ನಿಂದು, ತಗೊಂಡ್ ಹೋಗಣ್ಣ."